ಸಿಂಗಪುರದ ದೋಸೆ, ಬಳ್ಳಾರಿಯ ಜಿಪ್ಪು

ನನ್ನ ಗೆಳೆಯರು ನನ್ನ ಜೊತೆ ದೋಸೆ ತಿನ್ನಲು ಬರುವುದನ್ನು ಬಿಟ್ಟು ಬಹಳ ವರ್ಷಗಳಾದವು. ಒಗ್ಗರಣೆ ಮಿರ್ಚಿಗೆ ಬರುತ್ತಾರೆ, ಚಹಾಕ್ಕೆ ಬರುತ್ತಾರೆ, ಸತ್ತವರ ಮನೆಗೂ ಜೊತೆಗೇ ಬರುತ್ತಾರೆ. ದೋಸೆ ಅಂದರೆ ಮಾತ್ರ ಒಬ್ಬನಿಗೆ ಬಿಪಿ ಮಾತ್ರೆ ನೆನಪಾಗುತ್ತದೆ, ಇನ್ನೊಬ್ಬನಿಗೆ ಬ್ಯಾಂಕು ಮುಚ್ಚುವ ಹೊತ್ತಾಗಿರುತ್ತದೆ. ರಾತ್ರಿ ಎಂಟಕ್ಕೆ ಯಾವ ಬ್ಯಾಂಕು ಮುಚ್ಚುತ್ತೆ ಹೇಳಿ?

ತಪ್ಪು ನನ್ನದೇ. ತಟ್ಟೆಗೆ ದೋಸೆ ಬಿದ್ದ ಕೂಡಲೇ ನನ್ನ ಬಾಯಿಂದ "ಸಿಂಗಪುರದಲ್ಲಿ ಒಬ್ಬ ಅಜ್ಜ ಇದ್ದಾನೆ" ಅಂತ ಬಂದುಬಿಡುತ್ತಿತ್ತು.

ನನ್ನದು ಜಿಪ್ಪಿನ ವ್ಯಾಪಾರ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಜಿಪ್ಪು, ಗುಂಡಿ, ರಿವೆಟ್ಟು ಕೊಡುತ್ತೇನೆ. ನಮ್ಮೂರಿನ ಜೀನ್ಸ್ ಒಂದೇ ಸೂರಿನಡಿ ತಯಾರಾಗುವುದು ಕಮ್ಮಿ. ಒಬ್ಬ ಕತ್ತರಿಸುತ್ತಾನೆ, ಇನ್ನೊಬ್ಬ ಹೊಲಿಯುತ್ತಾನೆ, ಮತ್ತೊಬ್ಬ ಒಗೆದು ಬಣ್ಣ ಇಳಿಸುತ್ತಾನೆ, ಉಳಿದ ದಾರ ಕತ್ತರಿಸಲು ಮನೆ ಹೆಂಗಸರು ಕೂರುತ್ತಾರೆ. ನಡುವೆ ಎಲ್ಲೋ ನನ್ನ ಜಿಪ್ಪು ಸೇರಿಕೊಳ್ಳುತ್ತದೆ. ಪ್ಯಾಂಟು ಚೆನ್ನಾಗಿದ್ದರೆ ಹೊಲಿದವನಿಗೆ ಹೆಸರು. ಜಿಪ್ಪು ಕೆಟ್ಟರೆ ಮಾತ್ರ ಎಲ್ಲರಿಗೂ ನನ್ನ ನೆನಪು. ಈ ಮಾತು ಮುಂದೆ ಬೇಕಾಗುತ್ತದೆ, ಸ್ವಲ್ಪ ಇಟ್ಟುಕೊಂಡಿರಿ.

2016ರಲ್ಲಿ ಒಂದು ಜಿಪ್ಪು ಕಂಪನಿಯವರು, ಜಾಸ್ತಿ ಮಾಲು ಎತ್ತಿದ ಡೀಲರುಗಳನ್ನೆಲ್ಲ ಐದು ದಿನ ಸಿಂಗಪುರಕ್ಕೆ ಕರೆದುಕೊಂಡು ಹೋದರು. ಟೂರಿನವರ ಊಟದಲ್ಲಿ ಸಸ್ಯಾಹಾರಿಗಳ ಪಾಲಿಗೆ ಬರುತ್ತಿದ್ದದ್ದು ಬೇಯಿಸಿದ ಬ್ರೊಕೊಲಿ. ಮೊದಲ ದಿನ ತಿಂದೆ. ಎರಡನೇ ದಿನ ಅದೇ ಬ್ರೊಕೊಲಿ ನನ್ನನ್ನು ಗುರುತು ಹಿಡಿದಂತೆ ಕಂಡಿತು. ಮೆಲ್ಲಗೆ ತಪ್ಪಿಸಿಕೊಂಡು ಮೆಟ್ರೋ ಹತ್ತಿ ಲಿಟಲ್ ಇಂಡಿಯಾದಲ್ಲಿ ಇಳಿದೆ. ಅಲ್ಲಿ ಟೆಕ್ಕಾ ಸೆಂಟರ್ ಅಂತ ಒಂದು ದೊಡ್ಡ ಮಾರುಕಟ್ಟೆ. ಮೇಲೆ ಬಟ್ಟೆ ಅಂಗಡಿಗಳು. ಕೆಳಗೆ ಒಂದು ಕಡೆ ತರಕಾರಿ, ಮೀನು. ಇನ್ನೊಂದು ಕಡೆ ಸಾಲಾಗಿ ಸಣ್ಣ ಸಣ್ಣ ತಿಂಡಿ ಅಂಗಡಿಗಳು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಓಡುವಾಗ, ಆ ವಾಸನೆಯನ್ನೂ ಸೀಳಿಕೊಂಡು ಇನ್ನೊಂದು ಬಂತು. ಕಾದ ಹಂಚಿನ ಮೇಲೆ ಹಿಟ್ಟು ಬಿದ್ದ ವಾಸನೆ.

ಅಜ್ಜ ದಪ್ಪ ಕನ್ನಡಕ ಹಾಕಿದ್ದ. ಸೊಂಟಕ್ಕೆ ಕಪ್ಪು ಚೀಲ ಕಟ್ಟಿದ್ದ. ತೋಸೈ ಅಂತ ಬೋರ್ಡು. ಎರಡು ತಿಂದೆ. ಮರುದಿನ ಮತ್ತೆ ಎರಡು. ಹೀಗೆ ನಾಲ್ಕು ದಿನ. ಕೊನೆಯ ದಿನ ಅಜ್ಜನ ಸೊಂಟದ ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡಿತು. ಚಿಲ್ಲರೆ ಕೊಡಲಾಗದೆ ಒದ್ದಾಡುತ್ತಿದ್ದ. ನನ್ನ ಜೇಬಿನಲ್ಲಿ ಸಣ್ಣ ಇಕ್ಕಳ ಯಾವಾಗಲೂ ಇರುತ್ತದೆ. ಎರಡು ನಿಮಿಷದಲ್ಲಿ ಸರಿ ಮಾಡಿದೆ. ಅಜ್ಜ ದೋಸೆಯ ದುಡ್ಡೇ ತೆಗೆದುಕೊಳ್ಳಲಿಲ್ಲ.

ಇಷ್ಟು ನಡೆದದ್ದು. ಬಳ್ಳಾರಿಯಲ್ಲಿ ಎಂಟು ವರ್ಷ ಹೇಳುತ್ತಾ ಹೇಳುತ್ತಾ ಅಜ್ಜನ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಕೈ ಹಿಡಿದುಕೊಂಡ. ಆಮೇಲೆ, "ತಮ್ಮಾ, ಇದು ನಿನ್ನದೇ ಹೋಟ್ಲು, ಯಾವಾಗ ಬೇಕಾದರೂ ಬಾ" ಅಂದ. 2022ರ ಸುಮಾರಿಗೆ ಅವನು ಬೀಳ್ಕೊಡಲು ಮೆಟ್ರೋ ಸ್ಟೇಶನ್ನಿನ ತನಕ ಬಂದಿದ್ದ. ಇದನ್ನೆಲ್ಲ ನಾನು ಬೇಕಂತಲೇ ಸೇರಿಸಲಿಲ್ಲ. ಮಿರ್ಚಿ ಗಾಡಿಯ ಮುಂದೆ ನಿಂತಾಗ, ಬಾಣಲೆಯಲ್ಲಿ ಬಜ್ಜಿ ಉಬ್ಬಿದ ಹಾಗೆ ಕತೆಯೂ ತಾನಾಗಿಯೇ ಉಬ್ಬುತ್ತದೆ.

2024ಕ್ಕೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಟಿಕೆಟ್ ಮಾಡಿಸಿ, "ಎಲ್ಲಿಗೆ ಹೋಗ್ತೀರಾ?" ಅಂತ ಕೇಳಲೂ ಇಲ್ಲ. ಸಿಂಗಪುರ ಅಂತ ಅವಳೇ ತೀರ್ಮಾನಿಸಿದ್ದಳು. ನನ್ನ ಹೆಂಡತಿ ಒಂದೇ ಮಾತು ಹೇಳಿದಳು. "ನಡೀರಿ. ಆ ಅಜ್ಜನ್ನ ಒಮ್ಮಿ ನೋಡೇಬಿಡೋಣ."

ಆ ದನಿ ನನಗೆ ಹಿಡಿಸಲಿಲ್ಲ.

ಬಳ್ಳಾರಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಇಡೀ ರಾತ್ರಿ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ. ಇದರ ಅರ್ಥ ಏನು ಅಂತ ನಮ್ಮೂರಿನವರು ಯೋಚನೆ ಮಾಡಬೇಕಾದ್ದೇ. ಇಳಿದು ಹೊರಗೆ ಕಾಲಿಟ್ಟದ್ದೇ ಹೆಂಡತಿ, "ಅಯ್ಯ, ಇದೇನ್ರೀ ಹಿಂಗ?" ಅಂದಳು. ಬಳ್ಳಾರಿಯವರಿಗೆ ಸೆಕೆ ಹೊಸದಲ್ಲ. ಆದರೆ ನಮ್ಮದು ಹಂಚಿನ ಬಿಸಿ, ಅವರದು ಇಡ್ಲಿ ಪಾತ್ರೆಯ ಬಿಸಿ. ನಮ್ಮಲ್ಲಿ ಸುಡುತ್ತದೆ, ಅಲ್ಲಿ ಬೇಯುತ್ತದೆ. ಅದರ ಮೇಲೆ ನಾನು ಊರ ಅಭಿಮಾನಕ್ಕೆ ನಮ್ಮದೇ ಬಳ್ಳಾರಿ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಮೊದಲ ಅರ್ಧ ಗಂಟೆಯಲ್ಲೇ ಅಭಿಮಾನ ತೊಡೆಗೆ ಅಂಟಿಕೊಂಡಿತು.

ಹೆಂಡತಿ ಕಾಮರ್ಸ್ ಓದಿದವಳು. ಡಾಲರಿಗೆ 63 ರೂಪಾಯಿ ಅಂತ ಗೊತ್ತಾದ ಕ್ಷಣದಿಂದ 63ರ ಮಗ್ಗಿ ಶುರು ಮಾಡಿದಳು. ಒಂದೂವರೆ ಡಾಲರಿನ ನೀರಿನ ಬಾಟಲಿ ಎತ್ತಿ, "ತೊಂಬತ್ತನಾಲ್ಕೂವರೆ" ಅಂತ ಕೆಳಗಿಟ್ಟಳು. ಹಾಕರ್ ಸೆಂಟರ್ ಅಂದರೆ ಏನು ಅಂತ ನಾನು ದಾರಿಯುದ್ದಕ್ಕೂ ವಿವರಿಸಿದೆ. ಮೊದಲು ಬೀದಿಯಲ್ಲಿ ತಳ್ಳುಗಾಡಿ ಇಟ್ಟವರನ್ನೆಲ್ಲ ಸರ್ಕಾರವೇ ಸೂರು ಕಟ್ಟಿ ಒಳಗೆ ತಂದು ಕೂರಿಸಿತು, ನಲ್ಲಿ, ಚರಂಡಿ ಎಲ್ಲ ಕೊಟ್ಟಿತು, ಈಗ ಊರಿಗೆ ಊರೇ ಅಲ್ಲೇ ತಿನ್ನುತ್ತದೆ. "2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ ಗೊತ್ತಾ?" ಅಂದೆ.

"ನಮ್ಮ ಹಂಪಿ 1986ರಾಗೇ ಸೇರೈತಿ. ಅಲ್ಲಿ ದೋಸಿ ಇಷ್ಟು ತುಟ್ಟಿ ಇಲ್ಲ."

ಅಲ್ಲಿಗೆ ಯುನೆಸ್ಕೋ ಮುಗಿಯಿತು.

ಟೆಕ್ಕಾದ ಪಕ್ಕದಲ್ಲೇ ಬಫಲೋ ರಸ್ತೆ. ಹಿಂದೆ ಆ ಕಡೆಯೆಲ್ಲ ದನ, ಎಮ್ಮೆಗಳ ವ್ಯಾಪಾರ ಇತ್ತು, ಹೆಸರು ಹಾಗೇ ಉಳಿದಿದೆ. ಈಗ ಮಲ್ಲಿಗೆ ಮಾಲೆ, ಬಾಳೆ ಎಲೆ, ನುಗ್ಗೆಕಾಯಿ ಮಾರುತ್ತಾರೆ. ಹೆಂಡತಿ ಅತ್ತ ಇತ್ತ ನೋಡಿ, "ಎಮ್ಮಿ ರೋಡಿನಾಗ ಒಂದೂ ಎಮ್ಮಿ ಇಲ್ಲಲ್ರೀ" ಅಂದಳು. ನಮ್ಮಲ್ಲಿ ರಸ್ತೆಗಳಿಗೆ ದೊಡ್ಡ ದೊಡ್ಡವರ ಹೆಸರಿದೆ, ಎಮ್ಮೆಗಳು ಮಾತ್ರ ಅವುಗಳ ಪಾಡಿಗೆ ನಡುವೆ ಮಲಗಿರುತ್ತವೆ. ಅವರಿಗೆ ಹೆಸರು ಸಾಕಾಯಿತು, ನಮಗೆ ಎಮ್ಮೆ ಸಾಕಾಯಿತು.

ಆ ದಿನ ಭಾನುವಾರ. ಇದು ನನ್ನ ಮೊದಲ ತಪ್ಪು. ದುಡಿಯಲು ಬಂದ ನಮ್ಮ ಕಡೆಯ ಜನರಿಗೆ ರಜೆ ಅವತ್ತೇ. ಒಳಗೆ ಜಾತ್ರೆ. ಎರಡನೇ ತಪ್ಪು, ನನ್ನ ನೆನಪನ್ನು ನಂಬಿದ್ದು. "ಕಬ್ಬಿನ ಹಾಲಿನ ಅಂಗಡಿಯ ಎಡಕ್ಕೆ" ಅಂತ ಎಂಟು ವರ್ಷ ಹೇಳಿದ್ದೆ. ಹೋದರೆ ಬೋರ್ಡುಗಳೆಲ್ಲ ಹೊಸದು. 2023ರಲ್ಲಿ ಮೂರು ತಿಂಗಳು ಮುಚ್ಚಿ ರಿಪೇರಿ ಮಾಡಿದ್ದರು. ಕಬ್ಬಿನ ಹಾಲು ಒಂದಲ್ಲ, ಮೂರು ಕಡೆ ಸಿಕ್ಕಿತು. ಮೂರಕ್ಕೂ ಎಡಗಡೆ ಇತ್ತು.

"ಮೊದಲು ಎಲ್ಲಾರ ಕೂಡ್ರೋಣ, ಕಾಲು ಬಿದ್ದುಹೋದ್ವು" ಅಂದಳು ಹೆಂಡತಿ. ದೇವರು ದೊಡ್ಡವನು, ಅಷ್ಟು ಗದ್ದಲದಲ್ಲೂ ಒಂದು ಮೇಜು ಖಾಲಿ ಇತ್ತು. ಮೇಲೆ ಒಂದು ಟಿಶ್ಯೂ ಪೇಪರಿನ ಪ್ಯಾಕೆಟ್. ಎಂಥ ವ್ಯವಸ್ಥೆ ನೋಡು, ಕೈ ಒರೆಸಲು ಪುಕ್ಕಟೆ ಕಾಗದ ಇಟ್ಟಿದ್ದಾರೆ ಅಂತ ಹೊಗಳುತ್ತಾ ಪ್ಯಾಕೆಟ್ ಹರಿದೆ. ಎರಡು ತೆಗೆದು ಮುಖ ಒರೆಸಿಕೊಂಡೆ. ಎರಡು ಹೆಂಡತಿಗೆ ಕೊಟ್ಟೆ. ಮೇಜಿನ ಮೇಲೆ ಸಾರು ಚೆಲ್ಲಿತ್ತು, ಅದನ್ನೂ ಒರೆಸಿದೆ. ಪ್ಯಾಕೆಟ್ಟಿನಲ್ಲಿ ಕೊನೆಯದೊಂದು ಉಳಿದಿದ್ದಾಗ ಒಬ್ಬ ಹುಡುಗಿ ಕೈಯಲ್ಲಿ ಟ್ರೇ ಹಿಡಿದುಕೊಂಡು ಬಂದು ನಮ್ಮೆದುರು ನಿಂತಳು. ಮೇಜು ನೋಡಿದಳು. ನನ್ನ ಹಣೆಗೆ ಅಂಟಿದ್ದ ಟಿಶ್ಯೂ ಚೂರು ನೋಡಿದಳು. ಏನೂ ಹೇಳಲಿಲ್ಲ.

ಪಕ್ಕದ ಮೇಜಿನ ತಮಿಳು ಹುಡುಗ ವಿವರಿಸಿದ. ಅದು ಅಲ್ಲಿ ಚೋಪ್ ಅನ್ನುವ ಪದ್ಧತಿ. ಟಿಶ್ಯೂ ಪ್ಯಾಕೆಟ್ ಇಟ್ಟು ಹೋದರೆ ಮೇಜು ಅವರದು. ಬೇರೆ ಯಾರೂ ಕೂರುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುವುದಿಲ್ಲವಾ, ಅದೇ. ಅಂದರೆ ನಾನು ಮಾಡಿದ್ದು, ಬೇರೆಯವರ ಟವೆಲಿನಲ್ಲಿ ಮೈ ಒರೆಸಿಕೊಂಡು, ಅವರ ಸೀಟಿನಲ್ಲೇ ಕೂತಂತೆ. ಎದ್ದು ಕೈಮುಗಿದೆ. ಆ ಹುಡುಗಿಯೂ ಗಾಬರಿಯಾಗಿ ಟ್ರೇ ಸಮೇತ ತಲೆ ಬಾಗಿಸಿದಳು. ನಮ್ಮ ಚೀಲದಲ್ಲಿದ್ದ ಶೇಂಗಾ ಚಿಕ್ಕಿ ಎರಡು ಕೊಟ್ಟು ಹೆಂಡತಿ ರಾಜಿ ಮಾಡಿಸಿದಳು.

ನಿಂತುಕೊಂಡೇ ಕಾಫಿ ಕುಡಿಯೋಣ ಅಂದುಕೊಂಡೆವು. ಅಲ್ಲಿ ಅದು ಕೋಪಿ. ಬಟ್ಟೆಯ ಉದ್ದ ಚೀಲದಲ್ಲಿ ಸೋಸುತ್ತಾರೆ, ನಮ್ಮ ಚಹಾದಂಗಡಿಯಂತೆಯೇ. ಡಬ್ಬಿಯ ಗಟ್ಟಿ ಹಾಲು ಹಾಕಿದರೆ ಕೋಪಿ, ಹಾಲಿಲ್ಲದೆ ಸಕ್ಕರೆ ಮಾತ್ರ ಹಾಕಿದರೆ ಕೋಪಿ ಓ, ಸಕ್ಕರೆ ಬೇಡವಾದರೆ ಕೊಸೊಂಗ್ ಅನ್ನಬೇಕು. ಇಷ್ಟೂ ನನಗೆ 2016ರಿಂದಲೇ ಗೊತ್ತು. ಹೆಂಡತಿಯ ಮುಂದೆ ಜೋರಾಗಿಯೇ ಹೇಳಿದೆ. "ಕೋಪಿ, ಬೈ ಟೂ."

ಚೀನಾದ ಅಮ್ಮ ತಲೆಯಾಡಿಸಿ ಎರಡು ಲೋಟ ಇಟ್ಟಳು. ತುಂಬ ತುಂಬ.

"ನೋ ನೋ. ಒನ್. ಒನ್ ಬೈ ಟೂ."

"ಒನ್ ಮೋರ್? ಕ್ಯಾನ್" ಅಂದು ಮೂರನೆಯದನ್ನೂ ಇಟ್ಟಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಕೈ ಹಿಡಿದಳು. "ಸುಮ್ನಿರ್ರಿ. ಇನ್ನೊಮ್ಮಿ ಬಾಯಿ ತೆಗದ್ರ ನಾಕನೇದು ಬರ್ತೈತಿ." ಇಪ್ಪತ್ತೈದು ವರ್ಷ ಬೈಟು ಕುಡಿದ ದಂಪತಿ ಅವತ್ತು ತಲಾ ಒಂದೂವರೆ ಲೋಟ ಕುಡಿದೆವು. ಸಂಸಾರದಲ್ಲಿ ಪ್ರಗತಿ ಅಂದರೆ ಇದೇ ಇರಬೇಕು.

ಕೊನೆಗೆ ಅಜ್ಜ ಸಿಕ್ಕಿದ. ಅಂಗಡಿ ಅದೇ, ಬೋರ್ಡು ಬೇರೆ. ಹಂಚಿನ ಮುಂದೆ ಒಬ್ಬ ಹುಡುಗ ನಿಂತಿದ್ದ, ಮೊಮ್ಮಗನಂತೆ. ಅಜ್ಜ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ. ಅದೇ ದಪ್ಪ ಕನ್ನಡಕ. ನನ್ನ ಎದೆ ಹೊಡೆದುಕೊಂಡಿತು. ಹೆಂಡತಿಯನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿ, ಎರಡೂ ಕೈ ಚಾಚಿ ಮುಂದೆ ಹೋಗಿ ನಿಂತೆ.

ಅಜ್ಜ ತಲೆಯೆತ್ತಿ ನೋಡಿದ. "ಎಷ್ಟು?" ಅಂದ.

ಎಷ್ಟು ದೋಸೆ ಅಂತ. ಕಣ್ಣಲ್ಲಿ ನೀರಿತ್ತು, ಆದರೆ ಅದು ಈರುಳ್ಳಿಯದು.

ಬಳ್ಳಾರಿಯವರಿಗೆ ತೆಲುಗು ಹೇಗೂ ಬರುತ್ತದೆ. ತಮಿಳು ಅಂದರೆ ಅದನ್ನೇ ಸ್ವಲ್ಪ ಅವಸರದಲ್ಲಿ ಮಾತಾಡಿದರಾಯಿತು ಅನ್ನುವುದು ನನ್ನ ಬಹಳ ದಿನದ ನಂಬಿಕೆ. ಹಾಗೇ ಅವಸರದಲ್ಲಿ, ನಾನು ಬಳ್ಳಾರಿಯವನು, 2016ರಲ್ಲಿ ಬಂದಿದ್ದೆ, ನೆನಪಿಲ್ಲವಾ ಅಂತ ಕೇಳಿದೆ. ಇಲ್ಲ ಅಂದ. ಇತಿಹಾಸದ ಕಡೆಯಿಂದ ಬಂದೆ. "ಅಣ್ಣಾ, 1953ರ ತನಕ ನಾವೂ ಮದ್ರಾಸಿನವರೇ. ಆ ವರ್ಷ ಅಕ್ಟೋಬರ್ 1ಕ್ಕೆ ನಮ್ಮನ್ನ ಮೈಸೂರಿಗೆ ಸೇರಿಸಿದರು. ಇಲ್ಲದಿದ್ದರೆ ನಾನೂ ನೀವೂ ಒಂದೇ ಊರು!" ಹಿಂದಿನಿಂದ ಹೆಂಡತಿ, "ನಮ್ಮ ಆದೋನಿನೂ ಬಳ್ಳಾರಿ ಜಿಲ್ಲೆನೇ ಇತ್ತು, ಆಂಧ್ರಕ್ಕ ಕೊಟ್ಟುಬಿಟ್ರು" ಅಂತ ದನಿಗೂಡಿಸಿದಳು. ತವರಿನ ವಿಷಯದಲ್ಲಿ ಅವಳು ಇನ್ನೂ ಆ ಗಡಿಯನ್ನು ಒಪ್ಪಿಲ್ಲ.

ಅಜ್ಜ ಈರುಳ್ಳಿ ಕೆಳಗಿಟ್ಟ. ತಾನು ಮದ್ರಾಸು ನೋಡಿಯೇ ಇಲ್ಲ, ಹುಟ್ಟಿದ್ದು ಇಲ್ಲೇ ಹತ್ತಿರದ ಕಂಡಂಗ್ ಕೆರ್ಬಾವ್ ಆಸ್ಪತ್ರೆಯಲ್ಲಿ ಅಂದ. ಮಲಯ ಭಾಷೆಯಲ್ಲಿ ಹಾಗಂದರೆ ಎಮ್ಮೆ ಕೊಟ್ಟಿಗೆ ಅಂತ ಮೊಮ್ಮಗ ನಗುತ್ತಾ ಸೇರಿಸಿದ. ಆ ಪ್ರದೇಶದ ಹಳೇ ಹೆಸರೇ ಅದು. ಮತ್ತೆ ಎಮ್ಮೆ! ಹೆಂಡತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಮೆಟ್ರೋ ಸ್ಟೇಶನ್ ತನಕ ಬಂದು ಬೀಳ್ಕೊಟ್ಟ ಅಜ್ಜ ಇವನೇನಾ ಅನ್ನುವ ಪ್ರಶ್ನೆ ಆ ಹುಬ್ಬಿನಲ್ಲಿ ಪೂರ್ತಿ ಬರೆದಿತ್ತು.

ಎರಡು ಮಸಾಲೆ ತೋಸೈ ತೆಗೆದುಕೊಂಡೆವು. ಒಂದಕ್ಕೆ ನಾಲ್ಕು ಡಾಲರ್. "ಇನ್ನೂರ ಐವತ್ತೆರಡು" ಅಂತ ಪಕ್ಕದಿಂದ ಬಂತು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಎಂಟು ವರ್ಷದ ರುಚಿ ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದೆ. ಬಂದದ್ದು ದೋಸೆ. ಒಳ್ಳೆಯ ದೋಸೆಯೇ. ಅಂಚು ಗರಿಗರಿ, ನಡು ಮೆತ್ತಗೆ, ತೆಂಗಿನ ಚಟ್ನಿ ತಾಜಾ. ಸಾಂಬಾರಿಗೆ ಸಿಹಿ ಸ್ವಲ್ಪ ಜಾಸ್ತಿ. ಆದರೆ ಎರಡು ದಿನ ಬ್ರೊಕೊಲಿ ತಿಂದ ಬಾಯಿಗೆ ಸಿಕ್ಕಿದ್ದ ಆ ದೋಸೆ ಇದರಲ್ಲಿ ಇರಲಿಲ್ಲ. ಹಾಗಂತ ಹೆಂಡತಿಗೆ ಹೇಳುವ ಹಾಗೂ ಇರಲಿಲ್ಲ. ಅವಳು ಒಂದೂ ಮಾತಾಡದೆ ಪೂರ್ತಿ ತಿಂದು, ಬೆರಳು ಒರೆಸಿಕೊಂಡು, "ಚಲೋ ಐತಿ" ಅಂದಳು. ಗಂಡಂದಿರಿಗೆ ಗೊತ್ತಿರುತ್ತದೆ, "ಚಲೋ ಐತಿ" ಅನ್ನುವುದರಲ್ಲಿ ಎಷ್ಟು ಬಗೆ ಇದೆ ಅಂತ.

ತಟ್ಟೆ ಬಿಟ್ಟು ಎದ್ದೆ. 2016ರಲ್ಲಿ ಹಾಗೇ ಬಿಟ್ಟು ಏಳುತ್ತಿದ್ದೆ. ಹೆಂಡತಿ ಕಂಬದ ಮೇಲಿನ ಸೂಚನೆಯನ್ನು ಅಷ್ಟರಲ್ಲಿ ಓದಿ ಮುಗಿಸಿದ್ದಳು. 2021ರ ಸೆಪ್ಟೆಂಬರಿನಿಂದ ತಿಂದವರೇ ಟ್ರೇ ಎತ್ತಿಡಬೇಕು. ಮೊದಲ ಸಲ ಬಿಟ್ಟರೆ ಎಚ್ಚರಿಕೆ, ಎರಡನೇ ಸಲಕ್ಕೆ 300 ಡಾಲರ್ ದಂಡ ಅಂತ ಪಕ್ಕದ ಹುಡುಗ ಹೇಳಿದ. "ಹದಿನೆಂಟು ಸಾವಿರದ ಒಂಬೈನೂರು!" ಅಂದವಳೇ ನಮ್ಮೆರಡು ಟ್ರೇ ಎತ್ತಿದಳು. ಪಕ್ಕದ ಮೇಜಿನಲ್ಲಿ ಯಾರೋ ಬಿಟ್ಟುಹೋಗಿದ್ದ ಇನ್ನೆರಡನ್ನೂ ಎತ್ತಿದಳು. ಯಾಕೆ ಅಂದರೆ, "ನಮ್ಮ ಮ್ಯಾಲೆ ಬಂದ್ರ?" ಅಂತ.

ಅವಳು ಅತ್ತ ಹೋದ ಸಮಯದಲ್ಲಿ ನಾನು ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತ ಅಜ್ಜನ ಹತ್ತಿರ ಹೋದೆ. ಜೇಬಿನಿಂದ ಇಕ್ಕಳ ತೆಗೆದು ತೋರಿಸಿದೆ. "ಜಿಪ್ಪು" ಅಂದೆ. ಸೊಂಟ ಮುಟ್ಟಿಕೊಂಡು, ಎಳೆದು ತೋರಿಸಿದೆ. "ಜಿಪ್ಪು, ಅಣ್ಣಾ. ಜಿಪ್ಪು!"

ಈಗ ಅಜ್ಜ ಎದ್ದು ನಿಂತ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನನ್ನನ್ನು ನೋಡಿದ. ಮುಖ ಅರಳಿತು.

"ಜಿಪ್ಪು ಮ್ಯಾನ್!" ಅಂತ ಕೂಗಿದ. ಮೊಮ್ಮಗ ಸೌಟು ಹಿಡಿದುಕೊಂಡೇ ತಿರುಗಿದ. "ಜಿಪ್ಪು ಮ್ಯಾನ್ ಇವರಾ ತಾತಾ?" ಆಚೆ ಅಂಗಡಿಯವನೂ ಬಂದ. ನನ್ನ ಹೆಸರು ಟೆಕ್ಕಾ ಸೆಂಟರಿನಲ್ಲಿ ಎಂಟು ವರ್ಷ ಬದುಕಿತ್ತು! ಹೆಂಡತಿ ಇದನ್ನು ನೋಡಬೇಕಲ್ಲ ಅಂತ ತಿರುಗಿದೆ. ಟ್ರೇ ಇಟ್ಟು ಬಂದು ನನ್ನ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಳ್ಳುವ ಜಾಗದಲ್ಲಿ.

ಅಜ್ಜ ತಮಿಳಿನಲ್ಲಿ ಹೇಳುತ್ತಾ ಹೋದ, ಮೊಮ್ಮಗ ಇಂಗ್ಲಿಷಿನಲ್ಲಿ ತಿಳಿಸುತ್ತಾ ಹೋದ. ನಾನು ಸರಿ ಮಾಡಿದ ಜಿಪ್ಪು ಎರಡನೇ ದಿನ ಪೂರ್ತಿ ಕಚ್ಚಿಕೊಂಡಿತಂತೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಒಳಗೆ ಆ ದಿನದ ವ್ಯಾಪಾರದ ದುಡ್ಡೆಲ್ಲ. ಅವತ್ತೂ ಭಾನುವಾರ. ಗಿರಾಕಿಗಳು ಸಾಲು ನಿಂತಿದ್ದಾರೆ, ಚಿಲ್ಲರೆ ಇಲ್ಲ. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಕೊನೆಗೆ ಆಚೆ ಅಂಗಡಿಯ ಇವನೇ ಮೀನಿನ ಕತ್ತರಿ ತಂದು ಚೀಲವನ್ನೇ ಸೀಳಿದನಂತೆ. ಅದು ಅಜ್ಜನಿಗೆ ಮಗಳು ಹುಟ್ಟುಹಬ್ಬಕ್ಕೆ ಕೊಟ್ಟದ್ದಂತೆ. ಅಲ್ಲಿಂದ ಇಲ್ಲಿಯ ತನಕ, ಅಂಗಡಿಯಲ್ಲಿ ಯಾರಾದರೂ ಕೆಟ್ಟದ್ದನ್ನು ಸರಿ ಮಾಡಲು ಹೋಗಿ ಇನ್ನಷ್ಟು ಕೆಡಿಸಿದರೆ ಅವರಿಗೆ ಜಿಪ್ಪು ಮ್ಯಾನ್ ಅನ್ನುತ್ತಾರಂತೆ.

ಎಲ್ಲಿ ತಪ್ಪಾಯಿತು ಅಂತ ನಿಂತಲ್ಲೇ ಹೊಳೆಯಿತು. ಜೀನ್ಸಿಗೆ ಹಾಕುವುದು ಹಿತ್ತಾಳೆ ಹಲ್ಲಿನ ಜಿಪ್ಪು. ಅದರ ಓಡಾಡುವ ಗುಬ್ಬಿ ಸಡಿಲವಾದರೆ ಇಕ್ಕಳದಲ್ಲಿ ಗಟ್ಟಿಯಾಗಿ ಅಮುಕಬೇಕು, ಆಗ ಹಲ್ಲಿಗೆ ಹಲ್ಲು ಸೇರುತ್ತದೆ. ಅಜ್ಜನ ಚೀಲದ್ದು ನೈಲಾನ್ ಸುರುಳಿಯ ಜಿಪ್ಪು. ಅದನ್ನು ಮಗುವಿನ ಕಿವಿ ಹಿಂಡಿದಷ್ಟು ಮೆಲ್ಲಗೆ ಅಮುಕಬೇಕು. ನಾನು ಬಳ್ಳಾರಿ ಕೈಯಲ್ಲಿ ಅಮುಕಿದ್ದೆ. ಇದನ್ನೆಲ್ಲ ವಿವರಿಸಿ, "ಈಗ ಕೊಡಿ, ಈಗಿನ ಚೀಲಕ್ಕೆ ಜೀವಮಾನದ ಗ್ಯಾರಂಟಿ ಜಿಪ್ಪು ಹಾಕಿಕೊಡ್ತೀನಿ" ಅಂದೆ.

ಅಜ್ಜ ನಕ್ಕ. ಏಪ್ರನ್ ಸರಿಸಿ ಸೊಂಟದ ಹೊಸ ಚೀಲ ತೋರಿಸಿದ. ಮುಚ್ಚಳದ ತುದಿ ಹಿಡಿದು ಎಳೆದ.

ಪರ್ರ್...!

ವೆಲ್ಕ್ರೋ. ಜಿಪ್ಪಿನ ವ್ಯಾಪಾರಿಯ ಮುಂದೆ ವೆಲ್ಕ್ರೋ. ಮುಚ್ಚಿದ. ಮತ್ತೆ ತೆರೆದ. ಪರ್ರ್! ಮೂರನೇ ಸಲ ಬೇಕಂತಲೇ ತೆರೆದ. ಮೊಮ್ಮಗ, ಕತ್ತರಿಯವನು, ನನ್ನ ಹೆಂಡತಿ, ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದು ನಾನು ನೋಡಿಲ್ಲ. ಮದುವೆಯ ನೆನಪಿಗೆ ಅಂತ ಕರೆದುಕೊಂಡು ಹೋಗಿದ್ದಕ್ಕೆ ಲೆಕ್ಕ ಸರಿಹೋಯಿತು ಅನ್ನಿ.

ನಗು ನಿಂತ ಮೇಲೆ ಅವಳು ಪರ್ಸು ತೆಗೆದಳು. 2016ರ ಕೊನೆಯ ದಿನದ ಎರಡು ದೋಸೆಯ ದುಡ್ಡು ಬಾಕಿ ಇದೆ ಅಂತ ನಾಲ್ಕು ಡಾಲರ್ ಎಣಿಸಿ ಕೊಟ್ಟಳು. ಬೇಡ ಅಂದ ಅಜ್ಜ. ಬೇಕೇ ಬೇಕು ಅಂದಳು. ಈ ಸಲ ಅವನು ತೆಗೆದುಕೊಂಡ. ಪರ್ರ್ ಅಂತ ಒಳಗೆ ಹಾಕಿಕೊಂಡ. "ಇದೊಂದಕ್ಕ ಮಗ್ಗಿ ಹೇಳಲ್ಲ" ಅಂದಳು ನನಗೆ.

ಈಗ ಬಳ್ಳಾರಿಯಲ್ಲಿ ಗೆಳೆಯರು ನನ್ನ ಜೊತೆ ದೋಸೆಗೆ ಬರುತ್ತಾರೆ. ಕರೆಯದಿದ್ದರೂ ಬರುತ್ತಾರೆ. ಹೆಂಡತಿ ಊರಿಗೆ ಬಂದ ಮೊದಲ ಸಂಜೆಯೇ ಮಿರ್ಚಿ ಗಾಡಿಯ ಮುಂದೆ ಎಲ್ಲ ಹೇಳಿಬಿಟ್ಟಿದ್ದಳು. ಅವಳ ಕತೆಯೂ ಉಬ್ಬುತ್ತಿದೆ. ಮೊನ್ನೆ ಕೇಳಿದಾಗ ಚೀಲ ಸೀಳಲು ಅಗ್ನಿಶಾಮಕ ದಳ ಬಂದಿತ್ತು. ನಾನು ತಿದ್ದಲು ಹೋಗಲಿಲ್ಲ. ಮಿರ್ಚಿಯವನು ಎಣ್ಣೆಯಿಂದ ಬಜ್ಜಿ ಎತ್ತಿ, ಕಾಗದದ ಮೇಲೆ ಒಗ್ಗರಣೆ ಸುರಿದು, ಬೆರಳು ಒರೆಸಿಕೊಂಡು, ಚಿಲ್ಲರೆಗೆ ಅಂತ ಸೊಂಟಕ್ಕೆ ಕೈ ಹಾಕಿದ. ಅವನ ಚೀಲಕ್ಕೆ ಇರುವುದು ನಾನೇ ಹಾಕಿಕೊಟ್ಟ ಜಿಪ್ಪು. ಅದು ಸದ್ದಿಲ್ಲದೆ ಸರಾಗವಾಗಿ ತೆರೆದುಕೊಂಡಿತು. ಅವನು ನನ್ನ ಮುಖ ನೋಡಿ, ಬಾಯಲ್ಲೇ "ಪರ್ರ್" ಅಂದ.